ಆಶಾ, ಎಎನ್‌ಎಂ (ಉಪಕೇಂದ್ರದ ಆರೋಗ್ಯ ಸಹಾಯಕಿ) ಗಮನಕ್ಕೆ: ಮನೆಯೊಳಗಿನ ಹೊಡೆತ

ಮನೆಭೇಟಿಯಲ್ಲಿ ಹೆಣ್ಣುಮಗಳ ಪಕ್ಕದಲ್ಲಿ ಅತ್ತೆಯೋ ಗಂಡನೋ ಇದ್ದಾಗ ಹೊಡೆತದ ವಿಷಯ ಎತ್ತಲೇಬೇಡಿ. ನೀವು ಹೊರಟ ಮೇಲೆ ಏಟು ಬೀಳುವುದು ಅವಳಿಗೇ. ಬಿಪಿ, ತೂಕ ನೋಡುವ ನೆಪದಲ್ಲಿ ಒಬ್ಬಳನ್ನೇ ಉಪಕೇಂದ್ರಕ್ಕೆ ಕರೆಸಿ, ನೇರವಾಗಿ ಕೇಳಿ: "ಮನೇಲಿ ಯಾರಾದ್ರೂ ಹೊಡೀತಾರಾ, ಹೆದರಿಸ್ತಾರಾ?"

"ಬಚ್ಚಲಲ್ಲಿ ಜಾರಿದೆ" ಅಂದರೂ ಮುಂಗೈ ಹೊರಬದಿ ನೋಡಿ. ಏಟು ತಡೆಯಲು ಕೈ ಅಡ್ಡ ಹಿಡಿದಾಗ ಬಾಸುಂಡೆ ಏಳುವುದು ಅಲ್ಲೇ. ಕತ್ತು ಹಿಸುಕಿದ್ದರೆ ಹೊರಗೆ ಗುರುತಿಲ್ಲದಿದ್ದರೂ ಪ್ರಾಣಾಪಾಯ, ತಕ್ಷಣ ವೈದ್ಯರ ಬಳಿಗೆ.

ತಾಯಿ ಕಾರ್ಡಿನಲ್ಲಿ (ಗರ್ಭಿಣಿ, ಬಾಣಂತಿಯ ಆರೋಗ್ಯ ವಿವರದ ಕಾರ್ಡ್) ಹೊಡೆತದ ಬಗ್ಗೆ ಏನೂ ಬರೆಯಬೇಡಿ, ಅದನ್ನು ಮನೆಯವರೆಲ್ಲ ಓದುತ್ತಾರೆ. ಗಾಯದ ಜಾಗ, ಬಣ್ಣ, ಸೆಂಟಿಮೀಟರ್ ಅಳತೆ, ಅವಳದೇ ಮಾತು ಆಸ್ಪತ್ರೆ ದಾಖಲೆಯಲ್ಲಿರಲಿ. ಬರೀ "ಗಾಯ" ಎಂದು ಬರೆದರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯ ನಿಯಮದಂತೆ, ದೂರು ಕೊಟ್ಟಿಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಕೌಟುಂಬಿಕ ಘಟನಾ ವರದಿ (ಹಿಂಸೆಯ ವಿವರ ದಾಖಲಿಸುವ ವರದಿ) ಆಗಿರದಿದ್ದರೆ ಆಸ್ಪತ್ರೆಯ ಮುಖ್ಯಸ್ಥರೇ ಆ ವರದಿಯ ನಮೂನೆ 1 ತುಂಬಿ, ಈ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಗೆ ಕಳಿಸಬೇಕು (ನಮ್ಮಲ್ಲಿ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ). ವೈದ್ಯಕೀಯ ವರದಿಯ ಪ್ರತಿ ಅವಳಿಗೆ ಉಚಿತ.

ಸಹಾಯವಾಣಿ 181, ತುರ್ತಿಗೆ 112. ಚೀಟಿ ಕೊಡಬೇಡಿ, ಬಾಯಿಪಾಠ ಮಾಡಿಸಿ. ರಾಜಿ ಪಂಚಾಯ್ತಿ ನಮ್ಮ ಕೆಲಸವಲ್ಲ. ಅವಳ ಹೆಸರು, ಫೋಟೋ ನಮ್ಮ ಈ ಮೆಸೇಜ್ ಗುಂಪಿಗೂ ಹಾಕಬೇಡಿ.