ಸೂಜಿಯ ಮೇಲೆ ಗೂಬೆ ಕೂರಿಸಬೇಡಿ

ಮಾನ್ಯರೇ,

ಸಿಸೇರಿಯನ್ ಹೆರಿಗೆಗೆಂದು ಬೆನ್ನಿಗೆ ಕೊಟ್ಟ ಅರಿವಳಿಕೆ ಇಂಜೆಕ್ಷನ್‌ನಿಂದಲೇ ತಮ್ಮ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಹಾಳಾಯಿತೆಂದು ಓದುಗರೊಬ್ಬರು ನಿಮ್ಮ ಆರೋಗ್ಯ ಪುಟದಲ್ಲಿ ಅಳಲು ತೋಡಿಕೊಂಡಿದ್ದರು. ಉತ್ತರಿಸಿದವರು ವ್ಯಾಯಾಮ ಹೇಳಿಕೊಟ್ಟರು, ಆರೋಪವನ್ನು ಮಾತ್ರ ಹಾಗೆಯೇ ಬಿಟ್ಟರು. ಅದನ್ನು ಓದಿ ಎಷ್ಟು ಬಸುರಿಯರು ನಿದ್ದೆಗೆಟ್ಟರೋ!

ನಾನು ತಾಲ್ಲೂಕು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಶುಶ್ರೂಷಕಿಯಾಗಿದ್ದವಳು. ಬಸುರಿಯನ್ನು ಮೇಜಿನ ಮೇಲೆ ಬಗ್ಗಿಸಿ ಕೂರಿಸಿ, ಹೆಗಲು ಹಿಡಿದು, ಅಲುಗಾಡಬೇಡ ತಾಯಿ ಎನ್ನುವುದು ನನ್ನ ಪಾಲಿನ ಕೆಲಸ. ವಯಸ್ಕರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಸೊಂಟದ ಮೊದಲೆರಡು ಮೂಳೆಗಳ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕೂ ಕೆಳಗೆ, ಹಿಂಬದಿಯಿಂದ. ಅದು ದ್ರವ ತುಂಬಿದ ಚೀಲವನ್ನು ತಲುಪಿ ನಿಲ್ಲುತ್ತದೆ. ಡಿಸ್ಕ್ ಇರುವುದು ಆ ಚೀಲದ ಮುಂದೆ. ಔಷಧದ ಪ್ರಭಾವ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಬೆನ್ನಿನ ಮಟ್ಟಿಗೆ, ಸಾಮಾನ್ಯವಾಗಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಅಷ್ಟೆ.

ಈ ಗುಮಾನಿ ವೈದ್ಯರಿಗೂ ಇತ್ತು. ಹೆರಿಗೆ ನೋವು ತಗ್ಗಿಸಲು ಬೆನ್ನಿಗೇ ಕೊಡುವ ಎಪಿಡ್ಯೂರಲ್ ಎಂಬ ಇಂಜೆಕ್ಷನ್ ಪಡೆದ ತಾಯಂದಿರಲ್ಲಿ ಬೆನ್ನುನೋವು ಹೆಚ್ಚೆಂದು 1990ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಸಮೀಕ್ಷೆ ಹೇಳಿತು. ಆದರೆ ಅದು ಹಿಂದಿನದನ್ನು ನೆನಪಿಸಿಕೊಂಡು ಬರೆದ ಉತ್ತರಗಳನ್ನು ನಂಬಿತ್ತು. ಹೆರಿಗೆಯಿಂದಲೇ ತಾಯಂದಿರ ಜಾಡು ಹಿಡಿದು ನಡೆಸಿದ ಮುಂದಿನ ಅಧ್ಯಯನಗಳಲ್ಲಿ ದೀರ್ಘಕಾಲದ ನೋವಿಗೂ ಸೂಜಿಗೂ ನಂಟು ಕಾಣಲಿಲ್ಲ. ಬಸಿರಿನಲ್ಲೇ ಸೊಂಟ ನೋಯುತ್ತಿದ್ದವರಿಗೆ ಬಾಣಂತನದಲ್ಲೂ ನೋಯುವುದು ಹೆಚ್ಚು. ಅದರ ಮೇಲೆ ಬಗ್ಗಿ ಹಾಲೂಡಿಸುವುದು, ಕಂಕುಳಲ್ಲಿ ಕೂಸು, ನೀರಿನ ಕೊಡ. ಇವುಗಳ ಮೇಲೆ ಯಾರೂ ದೂರು ಕೊಡುವುದಿಲ್ಲ.

ಇನ್ನು ಡಿಸ್ಕ್ ಉಬ್ಬಿದೆ ಎನ್ನುವ ಎಂಆರ್‌ಐ ಸ್ಕ್ಯಾನ್ ವರದಿಯ ಮಾತು. ಉಬ್ಬು ಕಂಡ ಮಾತ್ರಕ್ಕೆ ನೋವಿಗೆ ಅದೇ ಕಾರಣವೆನ್ನಲಾಗದು. ಬೆನ್ನುನೋವೇ ಇಲ್ಲದ 98 ಮಂದಿಯನ್ನು ಅಮೆರಿಕದಲ್ಲಿ ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದ ವರದಿಯಂತೆ, ಶೇ 52ರಷ್ಟು ಜನರ ಒಂದಾದರೂ ಡಿಸ್ಕ್ ಉಬ್ಬಿತ್ತು. ಡಿಸ್ಕ್ ಒತ್ತಿ ಕಾಲಿಗೆ ನೋವು ಇಳಿದರೂ ಎಲ್ಲರಿಗೂ ಕತ್ತರಿ ಬೇಕಿಲ್ಲ. ನೆದರ್ಲೆಂಡ್ಸ್‌ನಲ್ಲಿ 283 ರೋಗಿಗಳ ಮೇಲೆ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೇಗ ಶಸ್ತ್ರಚಿಕಿತ್ಸೆ ಪಡೆದವರಿಗೆ ಬೇಗ ಉಪಶಮನ ಸಿಕ್ಕಿತು, ನಿಜ. ವರ್ಷ ಕಳೆಯುವಷ್ಟರಲ್ಲಿ ಕಾದು ನೋಡಿದವರ ಗುಂಪೂ ಅವರಷ್ಟೇ ಚೇತರಿಸಿಕೊಂಡಿತ್ತು. ಕಾದವರಲ್ಲಿ ಶೇ 39ರಷ್ಟು ಮಂದಿಗೆ ಕೊನೆಗೆ ಶಸ್ತ್ರಚಿಕಿತ್ಸೆ ಬೇಕಾಯಿತೆಂಬುದನ್ನೂ ಮರೆಮಾಚಬಾರದು. ಮೂತ್ರ ಕಟ್ಟಿದರೆ, ತೊಡೆಗಳ ನಡುವೆ ಮರಗಟ್ಟಿದರೆ ಮಾತ್ರ ಕಾಯುವ ಮಾತೇ ಇಲ್ಲ, ಅದೇ ದಿನ ಆಸ್ಪತ್ರೆಗೆ ಓಡಬೇಕು.

ಸೂಜಿಯದು ಏನೂ ತಪ್ಪಿಲ್ಲವೆಂದಲ್ಲ. ಅದರ ನಿಜವಾದ ಕಾಟ ತಲೆನೋವು. 1898ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಆಗಸ್ಟ್ ಬೀರ್ ಎಂಬ ಶಸ್ತ್ರವೈದ್ಯರು ಈ ಬೆನ್ನಿನ ಇಂಜೆಕ್ಷನ್ನನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಳ್ಳಲು ಹೋದಾಗ ಸಿರಿಂಜು ಸೂಜಿಗೆ ಹೊಂದದೆ ಬೆನ್ನಿನ ದ್ರವ ಸೋರಿತು. ಆಮೇಲೆ ಅವರಿಗೆ ಎದ್ದರೆ ತಲೆಸಿಡಿತ, ಮಲಗಿದರೆ ಆರಾಮ. ಪೆನ್ಸಿಲ್ ಮೊನೆಯ ತೆಳು ಸೂಜಿಗಳು ಬಂದ ಮೇಲೆ ಈ ತಲೆನೋವು ಬಹಳ ಕಡಿಮೆಯಾಗಿದೆ, ಆದರೂ ಕೆಲವರಿಗೆ ಬರುತ್ತದೆ. ಅದನ್ನು 'ಶೀತ'ವೆಂದು ತಲೆಗೆ ಬಟ್ಟೆ ಬಿಗಿದು ಸಹಿಸುವ ಬಾಣಂತಿಯರನ್ನು ಕಂಡಿದ್ದೇನೆ. ಹೇಳಿಕೊಂಡರೆ ಅದಕ್ಕೆ ಚಿಕಿತ್ಸೆಯಿದೆ.

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮುನ್ನವೇ ಇಷ್ಟನ್ನು ಕನ್ನಡದಲ್ಲಿ ವಿವರಿಸಲು ಆಸ್ಪತ್ರೆಗಳಿಗೆ ಹೆಚ್ಚು ಹೊತ್ತು ಬೇಡ. ತಾವೂ ಅದೇ ಪುಟದಲ್ಲಿ ಅರಿವಳಿಕೆ ತಜ್ಞರೊಬ್ಬರಿಂದ ಆ ಓದುಗರಿಗೆ ಉತ್ತರ ಬರೆಸಬೇಕೆಂದು ಕೋರುತ್ತೇನೆ.

– ನಿವೃತ್ತ ಶುಶ್ರೂಷಕಿ, ತಿಪಟೂರು