ಪ್ರೈಜ್ ಎಂದ ಕಡೆಯಲ್ಲೆಲ್ಲ ಬಹುಮಾನ ಹಂಚಬೇಡ

ಕಲಬುರಗಿ

ತಂಗಿ, ಶರಣು.

ನಿನ್ನ ಅನುವಾದದ ಹಾಳೆಗಳನ್ನು ನೋಡಿದೆ. ‘ಪ್ರೈಜ್’ ಕಂಡಲ್ಲೆಲ್ಲ ‘ಬಹುಮಾನ’ ಹಾಕಿಬಿಟ್ಟಿದ್ದೀ.

ಕುಸ್ತಿಯ ಪ್ಯಾರಾಕ್ಕೆ ತಕರಾರಿಲ್ಲ. ಗೆದ್ದ ಪೈಲ್ವಾನನಿಗೆ ಸಿಕ್ಕಿದ್ದು ಬಹುಮಾನವೇ. ಸಂಭಾಷಣೆಯಲ್ಲಾದರೆ ನಮ್ಮ ಕಡೆಯ ‘ಇನಾಮು’ ಇನ್ನೂ ಚೆಂದ. ಆದರೆ ಹೊಲದ ಕಾಗದದಲ್ಲಿ ಇನಾಮು ಬಂದರೆ ಅದು ಕಂದಾಯ ಮಾಫಿ ಮಾಡಿಯೋ ಕಡಿಮೆ ಮಾಡಿಯೋ ಬಿಟ್ಟುಕೊಟ್ಟ ಭೂಮಿ. ಅಲ್ಲಿ ಆ ಶಬ್ದ ಮುಟ್ಟಬೇಡ.

ತೊಡಕಿರುವುದು ಸಮುದ್ರಯುದ್ಧದಲ್ಲಿ. ‘ಹಡಗನ್ನು ಬಹುಮಾನವಾಗಿ ಬಂದರಿಗೆ ತಂದರು’ ಎಂದಿದ್ದೀ. ಕೊಟ್ಟವರಾರು? ಹಿಡಿದು ತಂದದ್ದದು. ಈ ಪ್ರೈಜ್ ಹುಟ್ಟಿನಿಂದಲೇ ಬೇರೆ ಶಬ್ದ: ‘ಹಿಡಿದದ್ದು’ ಎಂಬರ್ಥದ ಹಳೆಯ ಫ್ರೆಂಚಿನಿಂದ ಬಂದದ್ದು. ಗೆಲ್ಲುವ ಪ್ರೈಜ್ ‘ಬೆಲೆ’ ಎಂಬ ಬೇರಿನದು. ದರದ ಪ್ರೈಸ್, ಹೊಗಳಿಕೆಯ ಪ್ರೇಜ್ ಅದರ ಒಡಹುಟ್ಟಿದವರು. ಕಾಗುಣಿತ ಒಂದೇ ಆಗಿ ಮೋಸ ಮಾಡುತ್ತದೆ. ‘ಸೆರೆಹಿಡಿದ ಹಡಗು’ ಎಂದು ತಿದ್ದು. ಮುಂದಿನ ಸಾಲಿನ ‘ಪ್ರೈಜ್ ಮನಿ’ಯೂ ನಗದು ಬಹುಮಾನವಲ್ಲ. ಹಿಡಿದದ್ದು ಕಾಯ್ದೆಬದ್ಧವೆಂದು ಪ್ರೈಜ್ ಕೋರ್ಟ್ ತೀರ್ಪು ಕೊಟ್ಟ ಮೇಲೆ ಹಡಗು, ಸರಕು ಮಾರಿ ನಾವಿಕರಿಗೆ ಹಂಚುತ್ತಿದ್ದ ಪಾಲು ಅದು.

ಪೆಟ್ಟಿಗೆಯನ್ನು ‘ಪ್ರೈಜ್ ಓಪನ್’ ಮಾಡುವುದೂ ಇದೇ ಹಿಡಿಯುವ ಬೇರಿನದೇ. ಬ್ರಿಟಿಷರು ಇದನ್ನು ಹೆಚ್ಚಾಗಿ ‘ಝಡ್’ ಬಿಟ್ಟು ‘ಎಸ್’ ಹಾಕಿ ಬರೆಯುತ್ತಾರೆ. ಮುಚ್ಚಳದ ಸಂದಿಗೆ ಹಾರೆಯ ತುದಿ ತೂರಿಸಿ ಮೀಟುವುದು. ನೀನು ‘ಬಲವಂತವಾಗಿ ತೆರೆದರು’ ಎಂದಿದ್ದೀ, ಹಾರೆಯೇ ಮಾಯ. ‘ಮೀಟಿ ತೆಗೆದರು’ ಅನ್ನು, ಕಿರುಗುಟ್ಟುವುದೂ ಕೇಳಿಸುತ್ತದೆ.

ಅಜ್ಜಿಯ ‘ಪ್ರೈಜ್ಡ್’ ಬಿದರಿ ಡಬ್ಬಿ ‘ಬಹುಮಾನಿತ ಡಬ್ಬಿ’ ಆಗಿದೆ. ಆಕೆ ಯಾವ ಸ್ಪರ್ಧೆಯಲ್ಲೂ ಅದನ್ನು ಗೆದ್ದಿಲ್ಲ, ಜೀವದಂತೆ ಜೋಪಾನ ಮಾಡಿದ್ದಾಳೆ. ತಮಾಷೆ ಎಂದರೆ, ಸಂಸ್ಕೃತದ ‘ಬಹುಮಾನ’ಕ್ಕೆ ಮೂಲದಲ್ಲಿ ತುಂಬು ಗೌರವವೆಂದೇ ಅರ್ಥ. ಅದನ್ನು ವೇದಿಕೆ ಹತ್ತಿಸಿ ಕಪ್ಪು ಹಿಡಿಸಿದವರು ನಾವು.

‘ಅವಾರ್ಡ್’ ಬಂದರೂ ಎಚ್ಚರ. ಸಾಹಿತ್ಯಕ್ಕೆ ಸಂದರೆ ಪ್ರಶಸ್ತಿ. ಭೂಸ್ವಾಧೀನದ ಕಡತದಲ್ಲಿ ಅದು ಪರಿಹಾರ ನಿಗದಿ ಮಾಡುವ ‘ಐತೀರ್ಪು’. ‘ಹೊಲ ಕಳೆದುಕೊಂಡ ರೈತರಿಗೆ ಪ್ರಶಸ್ತಿ ಘೋಷಣೆ’ ಎಂದು ಅಚ್ಚಾದರೆ ಓದುವ ರೈತ ಸುಮ್ಮನಿರುವುದಿಲ್ಲ. ಸುಳಿವು ಕೊಟ್ಟವರಿಗೆ ಪೊಲೀಸರು ಘೋಷಿಸುವ ‘ರಿವಾರ್ಡ್’ಗೆ ಬಹುಮಾನ ಸರಿ.

ನೊಬೆಲ್ ಇಂಗ್ಲಿಷಿನಲ್ಲಿ ಪ್ರೈಜ್ ಆದರೂ ಕನ್ನಡದಲ್ಲಿ ‘ಪ್ರಶಸ್ತಿ’ಯಾಗಿ ನೆಲೆಗೊಂಡಿದೆ, ಅದನ್ನು ಕೆದಕಬೇಡ. ಕೊನೆಯ ಹಾಳೆಯ ‘ಪ್ರೈಜ್ ಈಡಿಯಟ್’ಗೆ ಮಾತ್ರ ‘ಬಹುಮಾನಿತ ಮೂರ್ಖ’ ಹೊಡೆದುಹಾಕಿ ‘ಶತಮೂರ್ಖ’ ಅಂತ ಮಾಡಿ, ತಿದ್ದಿದ ಪ್ರತಿ ಕಳಿಸು.