ದಕ್ಷಿಣದ ಕಾಡಿಗೆ ಉತ್ತರದ ಲೆಕ್ಕ ಬೇಡ

ಮಾನ್ಯ ಸಂಪಾದಕರೇ,

ಮರದ ಬೇರಿಗೂ ಶಿಲೀಂಧ್ರಕ್ಕೂ ಇರುವ ಕೊಡುಕೊಳ್ಳುವಿಕೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಯುರೋಪ್, ಕೆನಡಾಗಳ ಪೈನ್, ಓಕ್ ಕಾಡುಗಳವು. ದಕ್ಷಿಣ ಅಮೆರಿಕದ ತೆಂಕಣ ತುದಿಯ ಪ್ಯಾಟಗೋನಿಯಾ, ನ್ಯೂಜಿಲೆಂಡ್‌ಗಳ ತಂಪು ಕಾಡಿನಲ್ಲಿ ಆ ಲೆಕ್ಕ ನಡೆಯದು. ಅಲ್ಲಿನ ನೋಥೋಫೇಗಸ್ (ದಕ್ಷಿಣದ ಬೀಚ್) ಮರಗಳ ಬೇರುತುದಿಗೆ ಶಿಲೀಂಧ್ರ ಹೊರಗಿನಿಂದ ಕವಚ ಹೊದಿಸುತ್ತದೆ. ಈ ಹೊರಕವಚದ ಗುಂಪಿನಲ್ಲಿ ಕಾರ್ಟಿನೇರಿಯಸ್ ಅಣಬೆಗಳ ಬಗೆಗಳೇ ಹೇರಳ. ಚಿಲಿಯ ಅರೌಕೇರಿಯಾ, ಫಿಟ್ಜ್‌ರೋಯಾ, ನ್ಯೂಜಿಲೆಂಡಿನ ಕೌರಿ ಮರಗಳ ಜೊತೆಗಾರರು ಬೇರೆ: ಬೇರಿನ ಜೀವಕೋಶದೊಳಗೇ ಕವಲೊಡೆಯುವ ಅರ್ಬಸ್ಕ್ಯುಲರ್ ಶಿಲೀಂಧ್ರಗಳು. ಇವು ಅಣಬೆ ಬಿಡುವುದಿಲ್ಲ. ಹಾಗಾಗಿ ನೆಲದ ಮೇಲಿನ ಅಣಬೆ ಎಣಿಸಿ ವೈವಿಧ್ಯ ಅಳೆದರೆ ಒಂದು ಗುಂಪೇ ತಪ್ಪಿಹೋಗುತ್ತದೆ. ನೋಥೋಫೇಗಸ್ ಕೊಂಬೆಯಲ್ಲಿ ಕಿತ್ತಳೆ ಬಣ್ಣದ ಉಂಡೆಗಳಂತೆ ಕಾಣುವ, ತಿನ್ನಲೂ ಬರುವ ಸಿಟ್ಟೇರಿಯಾ ಈ ಲೆಕ್ಕಕ್ಕೆ ಸೇರದು, ಅದು ಪರಾವಲಂಬಿ.

ಬೇರನ್ನೇ ನೋಡಬೇಕು. ಎರಡು ಮಿಲಿಮೀಟರಿಗಿಂತ ಸಣ್ಣ ಬೇರುಗಳನ್ನು ತೊಳೆದು ಹತ್ತು ಪಟ್ಟಿನ ಭೂತಗನ್ನಡಿ ಹಿಡಿಯಿರಿ. ತುದಿ ಮೊಂಡಾಗಿ, ಬೇರುರೋಮವಿಲ್ಲದೆ, ಬಣ್ಣದ ಹೊದಿಕೆ ಕಂಡರೆ ಅದು ಹೊರಕವಚದ ಗುಂಪು. ಕಾಣದಿದ್ದರೆ ಬೇರನ್ನು ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕಾಯಿಸಿ, ತೊಳೆದು, ವಿನೆಗರಿಗೆ ಶೇ 5ರಷ್ಟು ಪೆನ್ನಿನ ಶಾಯಿ ಬೆರೆಸಿದ ದ್ರಾವಣದಲ್ಲಿ ಮೂರು ನಿಮಿಷ ಕುದಿಸಿ, ಒಳಗೆ ಅರ್ಬಸ್ಕ್ಯುಲರ್ ಶಿಲೀಂಧ್ರವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ. ಕಾಯಿಸಿದ್ದು ಸಾಲದಿದ್ದರೆ ಇಡೀ ಬೇರೇ ನೀಲಿಯಾಗಿ ಏನೂ ತಿಳಿಯದು; ಅತಿಯಾದರೆ ಹೊರಪದರ ಕಳಚಿ ಅದರೊಡನೆ ಶಿಲೀಂಧ್ರವೂ ಹೋಗುತ್ತದೆ. ಕಾಯಿಸುವ ಹೊತ್ತು ಬೇರಿನ ದಪ್ಪಕ್ಕೆ ತಕ್ಕಂತೆ ಬದಲಾಗುತ್ತದೆ.

ಸಸಿ ಬೆಳೆಸುವವರಿಗೆ ಇದು ಮುಖ್ಯ. ಅಂಗಡಿಯಲ್ಲಿ ಜೈವಿಕ ಗೊಬ್ಬರವೆಂದು ಮಾರುವ ವ್ಯಾಮ್ (VAM) ಶಿಲೀಂಧ್ರ ಪುಡಿಯಲ್ಲಿರುವುದು ಅರ್ಬಸ್ಕ್ಯುಲರ್ ಬಗೆ. ನೋಥೋಫೇಗಸ್‌ಗೆ ಅದು ದಂಡ. ಕಾಡಿನಿಂದ ದೂರದ ಹುಲ್ಲುಗಾವಲಿನಲ್ಲಿ ಅದರ ಸಸಿಗೆ ಜೊತೆಗಾರರೇ ಸಿಗುವುದು ಕಷ್ಟ. ನ್ಯೂಜಿಲೆಂಡಿನ ಮಾನುಕಾ, ಕಾನುಕಾ ಪೊದೆಗಳಲ್ಲಿ ಎರಡೂ ಗುಂಪು ಇರುವುದರಿಂದ ಅವುಗಳ ಬಳಿ ನೆಡುವುದು ಲೇಸು. ರಂಜಕ ಹೆಚ್ಚು ಹಾಕಿದರೆ ಸಸಿ ಶಿಲೀಂಧ್ರವನ್ನು ದೂರವಿಡುತ್ತದೆ.

ಪೈನ್ ತೋಪಿನ ಮಣ್ಣನ್ನಂತೂ ತರಲೇಬಾರದು. ಅದರೊಡನೆ ಬರುವ, ಪೈನ್‌ನ ಜೊತೆಗಾರ ಅಣಬೆ ಸುಯಿಲಸ್ ಲ್ಯೂಟಿಯಸ್ ಒಂದೇ ಸಾಕು, ಪ್ಯಾಟಗೋನಿಯಾದ ಬಯಲಿಗೆ ಪೈನ್ ನುಗ್ಗಲು. ಬಿಳಿ ಚುಕ್ಕೆಯ ಕೆಂಪು ಟೋಪಿಯ ಅಮಾನಿಟಾ ಮಸ್ಕೇರಿಯಾ ನ್ಯೂಜಿಲೆಂಡಿನ ನೋಥೋಫೇಗಸ್ ಕಾಡಿಗೇ ಹೊಕ್ಕಿದೆ. ಮಣ್ಣು ಬೇಕಿದ್ದರೆ ಹತ್ತಿರದ, ಅದೇ ಜಾತಿಯ ತಾಯಿಮರದ ಬುಡದಿಂದ ತಂದುಕೊಳ್ಳಿ. ನಮ್ಮ ಘಟ್ಟದ ಸಾಲುಧೂಪಕ್ಕೂ ಇದೇ ಕ್ರಮ ಸರಿ. ಅದೂ ಹೊರಕವಚದ ಗುಂಪಿನದು.

ಇಂತಿ,
ಸಸ್ಯಶಾಸ್ತ್ರದ ಇಬ್ಬರು ಅಧ್ಯಾಪಕರು